ಒತ್ತುವರಿ ಯಾರದು?

ಕುರ್ಲಾದ ಕ್ರಾಂತಿನಗರದಲ್ಲಿ ಮೀಠಿ ನದಿಯ ದಂಡೆಗೆ ಗುಡಿಸಲು ಕಟ್ಟಿದರೆ ಅದು ಒತ್ತುವರಿ. ಅದೇ ನದಿ ಕಡಲು ಸೇರುವ ಹಾದಿಯ ಜೌಗುನೆಲಕ್ಕೆ ಮಣ್ಣು ತುಂಬಿ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಗೋಪುರಗಳನ್ನು ಎಬ್ಬಿಸಿದರೆ ಅದು ಅಭಿವೃದ್ಧಿ. ನೀರಿಗೆ ಈ ವ್ಯತ್ಯಾಸ ಗೊತ್ತಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಮಳೆಗೆ ಯಾವ ಊರಾದರೂ ಮುಳುಗುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ನಗರದ ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ. ಮೀಠಿಯೋ ವಿಮಾನ ನಿಲ್ದಾಣದ ರನ್‌ವೇ ಅಡಿ ನುಸುಳಿ ಬರಬೇಕು. ಉಬ್ಬರದ ಹೊತ್ತಿನಲ್ಲಿ ಕಡಲು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ಹರಡಿಕೊಳ್ಳಲು ಇದ್ದ ಜೌಗು ಈಗ ಚದರಡಿಯ ಲೆಕ್ಕದಲ್ಲಿದೆ. ತಪ್ಪು ಆಕಾಶದ್ದಷ್ಟೇ ಅಲ್ಲ, ನಕಾಶೆಯದ್ದೂ ಹೌದು.

ಆ ನೆರೆಯ ಬಳಿಕ ನದಿಯ ಹೆಸರಿನಲ್ಲೊಂದು ಪ್ರಾಧಿಕಾರ ಹುಟ್ಟಿತು. ನದಿಯ ಕೆಳಭಾಗದ ಅಗಲೀಕರಣದ ಹೊಣೆ ಹೋದದ್ದು ಎಂಎಂಆರ್‌ಡಿಎಗೆ. ಬಾಂದ್ರಾ-ಕುರ್ಲಾ ಸಂಕೀರ್ಣವನ್ನು ಯೋಜಿಸಿದ್ದೂ, ಅಲ್ಲಿನ ನಿವೇಶನಗಳನ್ನು ಗುತ್ತಿಗೆಗೆ ಕೊಡುವುದೂ ಅದೇ ಸಂಸ್ಥೆ. ಹೊಲ ಮೇಯ್ದ ಬೇಲಿಗೇ ಮತ್ತೆ ಕಾವಲು!

ಹಾಗೆಂದು ಗುಡಿಸಲುಗಳು ಅಲ್ಲೇ ಇರಲಿ ಎಂದಲ್ಲ. ಪ್ರತಿ ಮಳೆಗಾಲ ಮೊದಲು ಮುಳುಗುವವರು ಅಲ್ಲಿನವರೇ. ಅವರಿಗೆ ದುಡಿಮೆಯ ಸಮೀಪದಲ್ಲೇ ಒಣನೆಲದ ಮನೆ ಸಿಗಬೇಕು. ಆದರೆ ನೆರೆಯ ಗೆರೆ ಎಲ್ಲಿದೆ ಎಂಬುದನ್ನು ಮೊದಲು ನಕಾಶೆಯಲ್ಲಿ ಎಳೆದು ಜನರ ಮುಂದಿಡಲಿ. ಆ ಗೆರೆಯೊಳಗೆ ಯಾರಿಗೂ ಹೊಸ ಪರವಾನಗಿ ಬೇಡ. ಪರವಾನಗಿ ಕೊಡುವ ಕೈ ನೆಲ ಮಾರುವ ಕೈಯಾಗದಿರಲಿ. ಗುಡಿಸಲಿಗೆ ಬುಲ್ಡೋಜರ್, ಗೋಪುರಕ್ಕೆ ರಿಯಾಯಿತಿ ಎಂಬುದು ನಿಯಂತ್ರಣವಲ್ಲ, ಬರೀ ಪಕ್ಷಪಾತ.