ಬೀದರಿನ ನೆರಳು, ಚಾಮರಾಜನಗರದ ಲೆಕ್ಕ

ವಿಡಿಯೊ ಕರೆಯಲ್ಲಿ ಎರಡು ಶಾಲೆಗಳನ್ನು ಜೋಡಿಸುವುದು ಈಗ ದೊಡ್ಡ ವಿಷಯವೇನಲ್ಲ. ಸ್ಮಾರ್ಟ್ ಕ್ಲಾಸಿನ ಟಿವಿ, ಅದಿಲ್ಲದಿದ್ದರೆ ಮೇಷ್ಟ್ರ ಮೊಬೈಲು, ಒಂದು ಲಿಂಕು, ಅಷ್ಟು ಸಾಕು. ಜೋಡಿಸಿದ ಮೇಲೆ ಏನು ಮಾಡುವುದು ಎಂಬಲ್ಲಿ ತೊಡಕು ಶುರುವಾಗುತ್ತದೆ. ಸಾಮಾನ್ಯವಾಗಿ ಈ ಕಡೆಯ ಮಕ್ಕಳು ಒಂದು ಹಾಡು ಹಾಡುತ್ತಾರೆ, ಆ ಕಡೆಯವರು ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಅದಲು ಬದಲು. ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತದೆ. ಪರಿಚಯಕ್ಕೆ ಅಡ್ಡಿಯಿಲ್ಲ, ಆದರೆ ಕೂಡಿ ಮಾಡಿದ ಕೆಲಸ ಅದರಲ್ಲಿ ಏನೂ ಇಲ್ಲ.

ನಾವು ಪರದೆಗೆ ಒಗ್ಗಿಕೊಂಡದ್ದೇ ಹಾಗೆ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರ ಪಾಠಗಳನ್ನು ಮೊದಮೊದಲಿಗೆ ಪಡೆದವುಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆ ಹೊತ್ತಿಗೆ ಅವು ಬೇಕಾಗಿಯೇ ಇದ್ದವು. ಆದರೆ ಪಾಠ ಹರಿದದ್ದು ಒಂದೇ ದಿಕ್ಕಿಗೆ, ಮಕ್ಕಳ ಪಾಲಿಗೆ ಬಂದದ್ದು ಕೂತು ನೋಡುವ ಕೆಲಸ. ವಿಡಿಯೊ ಕರೆ ಎರಡು ದಿಕ್ಕಿನದು. ಅದನ್ನೂ ಟಿವಿಯಂತೆ ಬಳಸಿದರೆ ಡೇಟಾ ದಂಡ.

ಹಾಗಾದರೆ ಯೋಜನೆ ಹೂಡುವುದು ಹೇಗೆ? ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಆ ಶಾಲೆಯ ನೆರವಿಲ್ಲದೆ ನಮ್ಮ ಮಕ್ಕಳು ಈ ಕೆಲಸ ಮುಗಿಸಬಲ್ಲರೆ? ಮುಗಿಸಬಲ್ಲರು ಎಂದಾದರೆ ಕರೆಯೇ ಬೇಡ. ಅವರಲ್ಲಿರುವುದು ನಮ್ಮಲ್ಲಿಲ್ಲ, ನಮ್ಮಲ್ಲಿರುವುದು ಅವರಲ್ಲಿಲ್ಲ, ಎರಡೂ ಸೇರದೆ ಉತ್ತರ ಬಾರದು ಎಂಬಂಥ ಕೆಲಸ ಸಿಕ್ಕರೆ ಮಾತ್ರ ಮುಂದುವರಿಯಬೇಕು.

ಅಂಥ ಕೆಲಸಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಭೂಮಿಯ ಸುತ್ತಳತೆ ಕಂಡುಹಿಡಿಯುವುದು. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಪಾಲಕ ಎರಾಟೊಸ್ಥೆನೀಸ್ ಇದನ್ನು ಮಾಡಿದ್ದ. ಸಯೀನ್ ಎಂಬ ಊರಿನಲ್ಲಿ ವರ್ಷದ ಒಂದು ದಿನ ನಡುಹಗಲಿಗೆ ನೆರಳೇ ಬೀಳುವುದಿಲ್ಲ, ಅದೇ ದಿನ ಅಲೆಕ್ಸಾಂಡ್ರಿಯದಲ್ಲಿ ಬೀಳುತ್ತದೆ ಎಂಬುದನ್ನು ಹಿಡಿದು ಲೆಕ್ಕ ಹಾಕಿದ. ಸೂರ್ಯ ಬಹಳ ದೂರದಲ್ಲಿರುವುದರಿಂದ ಅವನ ಕಿರಣಗಳು ಎರಡೂ ಊರಿಗೆ ಸಮಾನಾಂತರವಾಗಿ ಬರುತ್ತವೆ. ಆದರೂ ನೆರಳಿನ ಕೋನ ಬೇರೆಯಾದರೆ ಅದಕ್ಕೆ ಕಾರಣ ನೆಲ ಬಾಗಿರುವುದು.

ಕರ್ನಾಟಕಕ್ಕೆ ಇದು ಹೇಳಿ ಮಾಡಿಸಿದ ಪ್ರಯೋಗ. ಬೀದರ್ ಇರುವುದು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಚಾಮರಾಜನಗರ 11.9ರಲ್ಲಿ. ರೇಖಾಂಶವೂ ಹತ್ತಿರ ಹತ್ತಿರ, ಅಂದರೆ ಒಂದರ ಕೆಳಗೆ ಒಂದು ಇದ್ದಂತೆಯೇ. ಜನವರಿ 28ರ ಸುಮಾರಿಗೆ ಒಂದು ಮೀಟರ್ ಕೋಲು ನೆಟ್ಟರೆ ನಡುಹಗಲಿನ ನೆರಳು ಬೀದರಿನಲ್ಲಿ ಹತ್ತಿರ ಹತ್ತಿರ 73 ಸೆಂ.ಮೀ., ಚಾಮರಾಜನಗರದಲ್ಲಿ 58. ಕೋಲು ಮತ್ತು ನೆರಳನ್ನು ಗ್ರಾಫ್ ಹಾಳೆಯ ಮೇಲೆ ಅಳತೆಗೆ ತಕ್ಕಂತೆ ಎಳೆದು ಕೋನಮಾಪಕ ಇಟ್ಟರೆ ಬೀದರಿನಲ್ಲಿ ಸುಮಾರು 36 ಡಿಗ್ರಿ, ಚಾಮರಾಜನಗರದಲ್ಲಿ 30 ಡಿಗ್ರಿ. ವ್ಯತ್ಯಾಸ 6. ಪೂರ್ತಿ ವೃತ್ತದ 360ರಲ್ಲಿ ಇದು 60ನೇ ಒಂದು ಪಾಲು. ಎರಡು ಊರುಗಳ ನೇರ ದೂರ ಸುಮಾರು 666 ಕಿ.ಮೀ.; 60ರಿಂದ ಗುಣಿಸಿದರೆ 39,960. ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ ಸುಮಾರು 40,008 ಕಿ.ಮೀ.

ಮೊದಲ ಸಲಕ್ಕೆ ಮಕ್ಕಳಿಗೆ ಇಷ್ಟು ಸರಿಯಾಗಿ ಬರುವುದಿಲ್ಲ. ಬರದಿರುವುದೇ ಒಳ್ಳೆಯದು. ಒಂದು ಕಡೆ ಒಂದೇ ಡಿಗ್ರಿ ತಪ್ಪಿ ವ್ಯತ್ಯಾಸ 5 ಎಂದು ಬಂದರೆ ಭೂಮಿ ಉಬ್ಬಿ ಸುಮಾರು 48,000 ಕಿ.ಮೀ. ಆಗುತ್ತದೆ, 7 ಎಂದು ಬಂದರೆ ಕುಗ್ಗಿ 34,000ದ ಆಸುಪಾಸಿಗೆ ಇಳಿಯುತ್ತದೆ. ಕರೆಯಲ್ಲಿ ನಿಜವಾದ ಮಾತುಕತೆ ಹುಟ್ಟುವುದು ಆಗಲೇ. ನಿಮ್ಮ ಕೋಲು ನೆಟ್ಟಗಿತ್ತೆ? ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದಿರಾ? ನೆಲ ಸಮವಾಗಿತ್ತೆ? ದೂರಕ್ಕೆ ರಸ್ತೆಯ ಕಿಲೊಮೀಟರ್ ಹಿಡಿದಿರಾ, ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆದಿರಾ? ರಸ್ತೆಯ ದೂರ ಹಾಕಿದ ಮಕ್ಕಳ ಭೂಮಿ ಗುರುಗ್ರಹದ ದಾರಿ ಹಿಡಿದಿರುತ್ತದೆ!

ಗಡಿಯಾರದ್ದೂ ಒಂದು ಕಥೆ ಇದೆ. ಹನ್ನೆರಡು ಹೊಡೆದಾಗ ನೆರಳು ಅತಿ ಗಿಡ್ಡ ಎಂದುಕೊಂಡರೆ ಕೆಟ್ಟಿತು. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ನಾವು ಅದರ ಪಶ್ಚಿಮಕ್ಕಿದ್ದೇವೆ. ಜನವರಿಯ ಕೊನೆಗೆ ಬೀದರಿನಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು ಸುಮಾರು 12.33ಕ್ಕೆ, ಚಾಮರಾಜನಗರದಲ್ಲಿ ಇನ್ನೆರಡು ನಿಮಿಷ ತಡವಾಗಿ. ಆದ್ದರಿಂದ 12ರಿಂದ 1ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ, ಅತಿ ಚಿಕ್ಕದನ್ನು ಆರಿಸಿಕೊಳ್ಳಬೇಕು. ಆಮೇಲೆ ಬಿಸಿಯೂಟ, ಎರಡೂವರೆಗೆ ಕರೆ. ಮಧ್ಯಾಹ್ನದ ಬಿಸಿಲಿನಲ್ಲೇ ನೇರಪ್ರಸಾರ ಮಾಡುವ ಹುಮ್ಮಸ್ಸು ಬೇಡ; ಬಿಸಿಲಲ್ಲಿ ಮೊಬೈಲ್ ಪರದೆ ಯಾರಿಗೂ ಕಾಣುವುದಿಲ್ಲ.

ದಿನ ಆರಿಸುವುದರಲ್ಲೂ ಎಚ್ಚರ ಬೇಕು. ಆಗಸ್ಟ್‌ನಲ್ಲಿ ಮೋಡ, ಅಕ್ಟೋಬರ್‌ನಲ್ಲಿ ದಸರಾ ರಜೆ, ನವೆಂಬರ್‌ನಲ್ಲಿ ದಕ್ಷಿಣದ ಜಿಲ್ಲೆಗಳಿಗೆ ಹಿಂಗಾರು. ಗಣರಾಜ್ಯೋತ್ಸವದ ತಾಲೀಮು ಮುಗಿದ ಮೇಲಿನ ವಾರ ನನ್ನ ಆಯ್ಕೆ.

ಕರೆಯ ವಿಷಯಕ್ಕೆ ಬಂದರೆ, ಚಿತ್ರಕ್ಕಿಂತ ಧ್ವನಿ ಮುಖ್ಯ. ಐವತ್ತು ಮಕ್ಕಳ ಕೋಣೆಯಲ್ಲಿ ಮೊಬೈಲಿನ ಸ್ಪೀಕರ್ ಮೂರನೇ ಸಾಲಿಗೂ ಮುಟ್ಟುವುದಿಲ್ಲ. ಹೊರಗಿನ ಸ್ಪೀಕರ್ ಇರಲಿ, ಫ್ಯಾನ್ ಆರಿಸಿ, ಆ ಕಡೆಯವರು ಮಾತಾಡುವಾಗ ಈ ಕಡೆಯ ಮೈಕ್ ಮುಚ್ಚಿ. ಹಿಂದಿನ ದಿನ ಅದೇ ಕೋಣೆಯಿಂದ, ಅದೇ ಹೊತ್ತಿಗೆ ಐದು ನಿಮಿಷ ಕರೆ ಮಾಡಿ ನೋಡಿ. ಕರೆಂಟ್ ಹೋದರೆ ಯಾರ ಫೋನಿನಿಂದ ಮುಂದುವರಿಸುವುದು ಎಂದೂ ಮಾತಾಡಿಕೊಳ್ಳಿ. ಎಲ್ಲ ಮಕ್ಕಳೂ ಕ್ಯಾಮೆರಾ ಮುಂದೆ ಬರಬೇಕೆಂದಿಲ್ಲ. ತಂಡಕ್ಕೊಬ್ಬರು ಬಂದು ತಮ್ಮ ಅಳತೆ ಹೇಳಲಿ, ಉಳಿದವರು ಆ ಕಡೆಯ ಸಂಖ್ಯೆ ಬರೆದುಕೊಂಡು ಲೆಕ್ಕ ಮಾಡಲಿ. ಅಲ್ಲಿಯವರೆಗೆ ಎರಡು ಶಾಲೆಗಳ ಮೇಷ್ಟ್ರುಗಳೂ ತಮ್ಮ ಕೋನವನ್ನು ಬಿಟ್ಟುಕೊಡಬಾರದು. ಅರ್ಧ ಗಂಟೆ ಬೇಕಾದಷ್ಟಾಯಿತು. ರೆಕಾರ್ಡ್ ಮಾಡುವುದು ಬೇಡ. ಮಕ್ಕಳ ಮುಖ ಹೊರಗೆ ಹೋಗುವುದಾದರೆ ಪೋಷಕರ ಒಪ್ಪಿಗೆ ಬರವಣಿಗೆಯಲ್ಲಿ ಇರಬೇಕು.

ವಿಜ್ಞಾನವೇ ಆಗಬೇಕೆಂದಿಲ್ಲ. ಕರಾವಳಿಯ ಶಾಲೆಯೂ ಬಯಲುಸೀಮೆಯ ಶಾಲೆಯೂ ಒಂದು ತಿಂಗಳ ಮಳೆಯನ್ನು ಒಂದೇ ಬಗೆಯ ಡಬ್ಬಿಯಲ್ಲಿ ಅಳೆದು ಹೋಲಿಸಬಹುದು. ಎರಡು ಊರಿನ ಸಂತೆಯ ತರಕಾರಿ ಬೆಲೆಯೂ ಆದೀತು. ಯಾವುದಾದರೂ ಸರಿ, ಅಳೆಯುವ ವಿಧಾನ ಎರಡೂ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಇದಕ್ಕೆಲ್ಲ ತಗಲುವ ಖರ್ಚು ಒಂದು ಕೋಲು, ಒಂದಿಷ್ಟು ದಾರ, ಒಂದು ಮೊಬೈಲಿನ ಡೇಟಾ. ಸಿಗಲು ಕಷ್ಟವಾದದ್ದು ಆ ತುದಿಯಲ್ಲಿ ಆಸಕ್ತಿಯಿರುವ ಇನ್ನೊಬ್ಬ ಶಿಕ್ಷಕರು. ಆದ್ದರಿಂದ ಜೂನ್‌ನಲ್ಲಿ ವಾರ್ಷಿಕ ಪಾಠಯೋಜನೆ ಬರೆಯುವಾಗಲೇ ಅವರನ್ನು ಹುಡುಕಿ ಫೋನ್ ಮಾಡಿ, ಜನವರಿಯ ಆ ವಾರವನ್ನು ಎರಡೂ ಶಾಲೆಗಳ ಯೋಜನೆಯಲ್ಲಿ ಬರೆದಿಡಿ.