ಹಸಿವು ಕಲಿಸಿದ ಕರುಣೆ

ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲುಮಾರ್ಗದಲ್ಲಿ ದೌಂಡ ದಾಟಿದ ಮೇಲೆ ಕೇಡಗಾಂವ ಎಂಬ ನಿಲ್ದಾಣ ಬರುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಸದನ ಇರುವುದು ಅಲ್ಲಿಯೇ. ಮರಾಠಿ ನಾಡು ತನ್ನವರೆಂದು ಗೌರವಿಸುವ ಈ ಮಹಿಳೆ 1858ರಲ್ಲಿ ಜನಿಸಿದ್ದು ಕನ್ನಡ ನಾಡಿನ ಸಹ್ಯಾದ್ರಿಯ ಗಂಗಾಮೂಲದಲ್ಲಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಊರೂರು ಸಂಚರಿಸಿ ಪುರಾಣ ಹೇಳುತ್ತಿದ್ದ ವಿದ್ವಾಂಸರು. ಸ್ತ್ರೀಯರಿಗೆ ಶಾಸ್ತ್ರಾಧ್ಯಯನ ಸಲ್ಲದೆಂಬ ಕಾಲದಲ್ಲಿ ಮಡದಿಗೂ ಮಕ್ಕಳಿಗೂ ಸಂಸ್ಕೃತ ಕಲಿಸಿದರು. 1870ರ ದಶಕದ ಕ್ಷಾಮ ಆ ಸಂಸಾರವನ್ನು ನುಂಗಿತು. ಕೈಯಲ್ಲಿದ್ದುದೆಲ್ಲ ಕರಗಿದ ಮೇಲೆ ಅವರು ಕಾಡಿನ ಎಲೆಗಳನ್ನು ತಿಂದು ದಿನ ದೂಡಿದರು. ಮೊದಲು ತಂದೆ, ಬಳಿಕ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ರಮಾಬಾಯಿ ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ ಕಲ್ಕತ್ತೆ ಸೇರಿದರು. 1880ರಲ್ಲಿ ಅಣ್ಣನೂ ಅಗಲಿದನು. ಅದೇ ವರ್ಷ ವಿವಾಹವಾಯಿತು. 1882ರಲ್ಲಿ ಪತಿ ಕಾಲರಾ ಬೇನೆಗೆ ಬಲಿಯಾದರು. ಮಡಿಲಲ್ಲಿ ಇನ್ನೂ ವರ್ಷ ತುಂಬದ ಮಗಳು ಮನೋರಮಾ.

ವೈದ್ಯಶಾಸ್ತ್ರ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರೆ, ಕುಂದುತ್ತಿದ್ದ ಶ್ರವಣಶಕ್ತಿ ಆ ಆಸೆಗೂ ಅಡ್ಡಬಂದಿತು. ಸಮಾಜ ತಳ್ಳಿಬಿಟ್ಟ ಸ್ತ್ರೀಯರನ್ನು ಕ್ರೈಸ್ತ ಸಹೋದರಿಯರು ಆದರದಿಂದ ನೋಡಿಕೊಳ್ಳುವುದನ್ನು ಅಲ್ಲಿ ಕಂಡರು. ಬಾವಿಯ ಬಳಿ ಯೇಸು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗ ಅವರ ಮನಸ್ಸನ್ನು ತಟ್ಟಿತು. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಈ ಮತಾಂತರದಿಂದ ಪುಣೆಯಲ್ಲಿ ಕಟುವಾದ ವಿವಾದ ಎದ್ದಿತು. ಅವರು ಕಟ್ಟಿದ ಶಾರದಾ ಸದನದಿಂದ ಅನೇಕ ಪೋಷಕರು ಬಾಲೆಯರನ್ನು ಬಿಡಿಸಿಕೊಂಡು ಹೋದರು.

1896ರಲ್ಲಿ ಮಧ್ಯಪ್ರಾಂತದಲ್ಲಿ ಮತ್ತೆ ಬರ ಬಿದ್ದಿತು. ರಮಾಬಾಯಿ ತಾವೇ ಅಲ್ಲಿಗೆ ಹೋದರು. ಎಲುಬಿನ ಗೂಡಾದ ಬಾಲೆಯರಲ್ಲಿ ತಮ್ಮದೇ ಬಾಲ್ಯದ ಮುಖವನ್ನು ಕಂಡರು. ಕರೆತಂದ ನೂರಾರು ಜನರಿಗೆ ಕೇಡಗಾಂವ ಆಸರೆಯಾಯಿತು. ಅನ್ನದೊಡನೆ ಅಕ್ಷರ, ನೇಯ್ಗೆ, ಎಣ್ಣೆಗಾಣ, ಮುದ್ರಣಗಳ ಕಲಿಕೆಯೂ ನಡೆಯಿತು; ಅಂಧರಿಗೆ ಬ್ರೈಲ್ ಲಿಪಿಯನ್ನು ಕಲಿಸಲಾಯಿತು.

ಹಾಗಾದರೆ ಈ ಸೇವೆಗೆಂದೇ ದೇವರು ಅವರ ತಾಯಿತಂದೆಯರನ್ನು ಹಸಿವಿನಿಂದ ಸಾಯಿಸಿದನೇ? ಹಾಗೆ ಹೇಳುವುದು ಕ್ರೌರ್ಯವಾದೀತು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಯೇಸುವನ್ನು ಕೇಳಿದ ಸಂಗತಿ ಯೋಹಾನನ ಸುವಾರ್ತೆಯಲ್ಲಿದೆ. ಯೇಸು ಅವನ ಮೇಲಾಗಲಿ, ಹೆತ್ತವರ ಮೇಲಾಗಲಿ ದೋಷ ಹೊರಿಸಲಿಲ್ಲ. ದೇವರ ಕಾರ್ಯ ಅವನಲ್ಲಿ ತೋರಿಬರಬೇಕೆಂದು ನುಡಿದು, ಅವನಿಗೆ ದೃಷ್ಟಿ ಕೊಟ್ಟನು. ದೇವರು ನಮ್ಮನ್ನು ಸಂತೈಸುವುದು, ನಾವು ಇತರರನ್ನು ಸಂತೈಸಬಲ್ಲವರಾಗಲೆಂದು ಎಂಬುದು ಸಂತ ಪೌಲನ ಬೋಧನೆ. ಶಿಲುಬೆಯ ಮೇಲೆ ತಾನೇ ನೊಂದ ದೇವರನ್ನು ನಂಬುವವರಿಗೆ ದುಃಖವು ಶಿಕ್ಷೆಯೆಂದು ತೋರಬೇಕಾಗಿಲ್ಲ. ಅದರ ಕಾರಣ ತಿಳಿಯದೆ ಹೋದರೂ ಅದನ್ನು ಯಾರ ಹಿತಕ್ಕೆ ಬಳಸಬಹುದೆಂಬುದು ತಿಳಿಯುತ್ತದೆ. ರಮಾಬಾಯಿಯವರಿಗೆ ದೊರೆತ ಅರ್ಥ ಇದು.

ಆ ಅರ್ಥ ಅವರನ್ನು ಮುಂದಿನ ನೋವಿನಿಂದ ಕಾಪಾಡಲಿಲ್ಲ. ತಾಯಿಯ ಬಲಗೈಯಾಗಿದ್ದ ಮನೋರಮಾ 1921ರಲ್ಲಿ ತೀರಿಕೊಂಡರು. ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ವರ್ಷಗಳಿಂದ ಮಾಡುತ್ತಿದ್ದ ಬೈಬಲಿನ ಮರಾಠಿ ಅನುವಾದದ ಕೆಲಸವನ್ನು ರಮಾಬಾಯಿ ಕೈಬಿಡಲಿಲ್ಲ. ಅದನ್ನು ಪೂರೈಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು.

ನಮ್ಮ ಶಾಲೆಗಳಲ್ಲಿಯೂ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಕ್ಕಳಿದ್ದಾರೆ. ಎಲ್ಲವೂ ದೈವಚಿತ್ತವೆಂದು ಅವರಿಗೆ ಉಪದೇಶಿಸಲು ಅವಸರಪಡದಿರೋಣ. ಯಾವ ಧರ್ಮದವರೇ ಆಗಿರಲಿ, ಅಂಥ ದುಃಖವನ್ನು ತಾವೇ ಉಂಡ ಹಿರಿಯರು ಆ ಮಗುವಿನ ಪಕ್ಕದಲ್ಲಿ ಕುಳಿತು ಮಾತನಾಡಿಸಲಿ, ಊಟವಾಯಿತೇ ಎಂದು ವಿಚಾರಿಸಲಿ. ಅವರ ಹಳೆಯ ನೋವಿಗೆ ಅಲ್ಲಿ ಮಾಡಬೇಕಾದ ಕೆಲಸವೊಂದು ಕಾದಿದೆ.