ನನಗೆ ಬೇಡವಾದ ಹಾಡೂ ಬೇಕು

ನಾನು ಈಗಲೂ ರೇಡಿಯೊ ಕೇಳುತ್ತೇನೆಂದರೆ ನನ್ನ ಮಗಳಿಗೆ ನಗು. ‘ಅವ್ವಾ, ಮೊಬೈಲಿನ್ಯಾಗ ನಿನಗ ಬೇಕಾದ ಹಾಡು ಬೇಕಾದಾಗ ಸಿಗತಾವ. ಯಾರೋ ಹಾಕಿದ್ದನ್ನ ಯಾಕ ಕೇಳ್ಕೋತ ಕೂಡತಿ?’ ಅನ್ನುತ್ತಾಳೆ. ಈ ಮಾತಿನ ಮೇಲೇ ನನ್ನ ತಕರಾರು.

ನಮ್ಮವ್ವ ಯಾವ ಸಂಗೀತ ಸಭೆಗೂ ಹೋದವಳಲ್ಲ. ಧಾರವಾಡ ಆಕಾಶವಾಣಿಯೇ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಒಂದು ದಿನ ಚಿತ್ರಗೀತೆ ಮುಗಿದು ಮಲ್ಲಿಕಾರ್ಜುನ ಮನಸೂರರ ದನಿ ಕೇಳಿಸಿತು. ಸಣ್ಣವಳಾಗಿದ್ದ ನಾನು ಗುಂಡಿ ತಿರುಗಿಸಲು ಎದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ, ‘ಇರಲಿ ಬಿಡು, ಏನೋ ಛಲೋ ಅನಸ್ತದ’ ಅಂದಳು. ರಾಗದ ಹೆಸರು ಅವಳಿಗೆ ಕಡೆತನಕ ತಿಳಿಯಲಿಲ್ಲ. ಆದರೆ ಆ ದನಿ ಬಂದಾಗಲೆಲ್ಲ ರೊಟ್ಟಿ ಬಡಿಯುವ ಕೈ ಮೆಲ್ಲಗಾಗುತ್ತಿತ್ತು. ತನಗೆ ಬೇಕಾದ ಹಾಡನ್ನಷ್ಟೇ ಕೇಳುವಂತಿದ್ದರೆ ಅದು ಅವಳಿಗೆ ದಕ್ಕುತ್ತಲೇ ಇರಲಿಲ್ಲ. ಬೇಕೆಂದು ಕೇಳಲು ಅವಳಿಗೆ ಆ ಹೆಸರಾದರೂ ಎಲ್ಲಿ ಗೊತ್ತಿತ್ತು?

ಈಗಿನ ಹಾಡಿನ ಆ್ಯಪ್‌ಗಳು ನಿನ್ನೆ ಕೇಳಿದ್ದರ ಲೆಕ್ಕವಿಟ್ಟು ಇಂದೂ ಅಂಥದ್ದನ್ನೇ ಮುಂದಿಡುತ್ತವೆ. ಎರಡು ಸಲ ಉಪ್ಪಿನಕಾಯಿ ಹಾಕಿಸಿಕೊಂಡವಳಿಗೆ ಎಲೆತುಂಬ ಉಪ್ಪಿನಕಾಯಿಯನ್ನೇ ಬಡಿಸಿದ ಹಾಗೆ!

ಹೀಗೆ ವಿಂಗಡಿಸುವ ಚಟ ಹೊಸದೇನಲ್ಲ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಎಷ್ಟು ಗೌರವವೋ ಸಿನಿಮಾ ಹಾಡಿನ ಮೇಲೆ ಅಷ್ಟೇ ತಾತ್ಸಾರ. ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಜಾಗ ಇಲ್ಲವಾಯಿತು. ಜನ ಸುಮ್ಮನಿದ್ದರೆ? ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿದರು. ಅದೇ ವರ್ಷ ಅಲ್ಲಿ ಶುರುವಾದ ಬಿನಾಕಾ ಗೀತಮಾಲಾದಿಂದ ಅಮೀನ್ ಸಯಾನಿ ಮನೆಮಾತಾದರು. ಕಡೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಗಬೇಕಾಯಿತು. ಅಂದು ಮಂತ್ರಿಗಳು ‘ನಿಮಗೆ ಒಳ್ಳೆಯದು ಇದು’ ಅಂದರು. ಇಂದು ಯಂತ್ರ ‘ನಿಮಗೆ ಇಷ್ಟವಾದದ್ದು ಇದು’ ಅನ್ನುತ್ತದೆ. ಇಬ್ಬರೂ ನಮ್ಮನ್ನು ಒಂದೇ ಕೋಣೆಯಲ್ಲಿ ಕೂಡಿಹಾಕುವವರೇ.

‘ರೇಡಿಯೊದಲ್ಲೂ ಆರಿಸುವವರು ಇನ್ನೊಬ್ಬರೇ ಅಲ್ಲವೆ?’ ಎಂದು ನೀವು ಕೇಳಬಹುದು. ಹೌದು. ಆದರೆ ಅವರು ಭಾವಗೀತೆಯ ಪಕ್ಕದಲ್ಲಿ ಗೀಗೀ ಪದ, ಅದರ ಪಕ್ಕದಲ್ಲಿ ಸಿತಾರ್ ಇಡುವ ಧೈರ್ಯವಿರುವ ಮನುಷ್ಯರು. ಬರೆದವರಾರು, ಹಾಡಿದವರಾರು ಎಂದು ಹೇಳುತ್ತಾರೆ. ತಪ್ಪು ಹೇಳಿದರೆ ಪತ್ರ ಬರೆದು ಜಗಳವಾಡಬಹುದು. ಯಂತ್ರದ ಜೊತೆ ಯಾರು ಜಗಳವಾಡಬೇಕು?

ಹಾಗೆಂದು ನಾನು ಅಂತರ್ಜಾಲದ ವೈರಿಯಲ್ಲ. ಪ್ರಸಾರ ಭಾರತಿಯ ಆ್ಯಪ್‌ನಿಂದ ಪರದೇಶಕ್ಕೆ ಹೋದ ಹೆಣ್ಣುಮಗಳೂ ತವರಿನ ಆಕಾಶವಾಣಿ ಕೇಳಬಹುದು. ಸಂತೋಷ. ಆದರೆ ನೇರಪ್ರಸಾರವನ್ನು ಆ ಹೊತ್ತಿಗೇ ಕೇಳಬೇಕು. ಹೊತ್ತು ನಮ್ಮ ಕೈಯಲ್ಲಿ ಎಲ್ಲಿದೆ? ಒಳ್ಳೆಯ ಕಾರ್ಯಕ್ರಮ ಬರುವಾಗ ಒಬ್ಬಳು ಮಕ್ಕಳ ಡಬ್ಬಿ ಕಟ್ಟುತ್ತಿರುತ್ತಾಳೆ, ಇನ್ನೊಬ್ಬಳು ಬಸ್ಸಿಗೆ ಓಡುತ್ತಿರುತ್ತಾಳೆ, ನನ್ನಂಥವಳು ಹಾಜರಿ ಕರೆಯುತ್ತಿರುತ್ತಾಳೆ. ಆಗ ತಪ್ಪಿದ್ದು ಬಹಳ ಸಲ ತಪ್ಪಿದ್ದೇ. ಅದರೊಳಗಿನ ಒಂದು ಹಾಡನ್ನು ಯಾರೋ ಕತ್ತರಿಸಿ ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಕವಿಯ ಹೆಸರಿಲ್ಲ, ಹಿಂದುಮುಂದಿಲ್ಲ. ಹಾರದಿಂದ ಕಿತ್ತ ಒಂದು ಹೂವಿನ ಹಾಗೆ ಅದು ಕೈಯಿಂದ ಕೈಗೆ ಬಾಡುತ್ತ ಹೋಗುತ್ತದೆ.

ಇಡೀ ಕಾರ್ಯಕ್ರಮವನ್ನೇ, ನಿರೂಪಕರ ಮಾತಿನ ಸಮೇತ, ಅಂತರ್ಜಾಲದಲ್ಲಿ ಉಳಿಸಿಡಲಿ. ಹಾಡಿನ ಹಕ್ಕು ಕಂಪನಿಗಳದ್ದು, ದುಡ್ಡು ಕೊಡಬೇಕಾಗುತ್ತದೆ ಎನ್ನುವುದು ನಿಜವಾದ ಅಡ್ಡಿ. ಹಾಡಿದವರ, ಬರೆದವರ ಪಾಲು ಕೊಡಲೇಬೇಕು. ಆದರೆ ಆಕಾಶವಾಣಿ ತನ್ನದೇ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದ ಜಾನಪದ, ವಚನ, ಭಾವಗೀತೆಗಳಿವೆಯಲ್ಲ? ಕಲಾವಿದರ ಒಪ್ಪಿಗೆ ಪಡೆದು ಅಲ್ಲಿಂದಲೇ ಆರಂಭಿಸಲಿ.

‘ಮೆಚ್ಚಿನ ಹಾಡು ಹಾಕಿ’ ಎಂದು ಕಾರ್ಡು ಬರೆದ ಕಾಲದ ಹೆಂಗಸರು ನಾವು. ಈಗ ನಿಮ್ಮೂರಿನ ನಿಲಯಕ್ಕೆ ಇನ್ನೊಂದು ಪತ್ರ ಬರೆಯೋಣ: ನಾವು ಕೇಳದ ಹಾಡನ್ನೂ ಹಾಕಿ. ನಮ್ಮ ಪಾತ್ರೆ ತೊಳೆದು ಮುಗಿಯುವವರೆಗೆ ಅದನ್ನು ತೆಗೆದಿಡಿ.